ದಪ್ಪ ಅಕ್ಷರದ ಮಾತು

ಮಾವ ಬಿ.ಪಿ. ಮಾತ್ರೆ ಬಿಟ್ಟಿದ್ದು ಸೊಸೆಗೆ ಗೊತ್ತಾದದ್ದು, ಅವರು ಚಪ್ಪಲಿ ಮೆಟ್ಟಲು ಹೋಗಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಾಗ. ಅವಳು ಓಡಿಬಂದು ಕೈಹಿಡಿದು ಮಂಚದ ಮೇಲೆ ಕೂರಿಸಿದಳು.

“ಯಾಕೆ ಮಾವ ಬಿಟ್ರಿ? ಡಾಕ್ಟ್ರು ಅಷ್ಟು ಬಡ್ಕೊಂಡಿದ್ರಲ್ಲ!”

“ಇನ್ನು ಅದೆಲ್ಲ ಬೇಕಿಲ್ಲ ಕಣಮ್ಮ. ತಗೋ, ಓದು.” ಮಾವ ದಿಂಬಿನಡಿಯಿಂದ ಒಂದು ಕರಪತ್ರ ಎಳೆದರು. ಜೊತೆಗೆ ಒಂದು ಹಸಿರು ಪುಡಿಯ ಡಬ್ಬಿಯೂ ಉರುಳಿಬಂತು. ಮೊನ್ನೆ ಯಾರೋ ಕರಪತ್ರವನ್ನು ಬಾಗಿಲ ಸಂದಿಯಲ್ಲಿ ತಳ್ಳಿ ಹೋಗಿದ್ದರಂತೆ; ಅದನ್ನು ನಂಬಿ ಪುಡಿ ತರಿಸಿಕೊಂಡಿದ್ದರು.

‘ರಕ್ತದೊತ್ತಡಕ್ಕೆ ವಿದಾಯ!’ ಅವಳು ಓದುವುದೇನು ಬಂತು, ಒಂದೊಂದು ಅಕ್ಷರದ ಆಕಾರವೂ ಅವಳ ಕೈಯದೇ. ತುಂಬಿದ ಮೈ, ತಿರುವಿನಲ್ಲಿ ಎಳೆಯಂಥ ಗೆರೆ, ತುದಿಯಲ್ಲಿ ಗಟ್ಟಿಯಾಗಿ ಊರಿದ ಪುಟ್ಟ ಪಾದ. ಆ ಪಾದಕ್ಕೆ ಕಸುಬಿನವರು ಸೆರಿಫ್ ಎನ್ನುತ್ತಾರೆ. ತಲೆಬರಹಕ್ಕೆಂದೇ ವರ್ಷಗಟ್ಟಲೆ ಕೂತು ರೂಪಿಸಿದ ಫಾಂಟ್ ಅದು. ಪುಸ್ತಕದ ಮುಖಪುಟಕ್ಕೆ, ನಾಟಕದ ಪೋಸ್ಟರಿಗೆ ಒದಗಲಿ ಎಂದು ಅವಳ ಆಸೆ. ಮುಗಿಬಿದ್ದು ಕೊಂಡವರು ಮಾತ್ರ ನಿವೇಶನ ಮಾರುವವರು, ಬೋಳುತಲೆಗೆ ಕೂದಲು ಬರಿಸುವವರು, ಚುನಾವಣೆಗೆ ನಿಂತವರು. ‘ಕಂಡ ಕೂಡಲೇ ನಂಬಿಕೆ ಹುಟ್ಟಿಸುವ ಅಕ್ಷರ’ ಎಂದು ಡಂಗುರ ಹೊಡೆದವಳೂ ಅವಳೇ, ಪುಣ್ಯಾತ್ಗಿತ್ತಿ!

“ಮಾವ, ಈ ಅಕ್ಷರ ಮಾಡಿದ್ದೇ ನಾನು. ಕೊಂಡ್ಕೊಂಡೋರು ಏನು ಬೇಕಾದ್ರೂ ಹಾಕ್ಕೋತಾರೆ. ಕತ್ತೆ ಲದ್ದೀನ ಅಮೃತ ಅಂದ್ರೂ ಇದರಲ್ಲಿ ಹೀಗೇ ಗಂಭೀರವಾಗಿ ಕಾಣುತ್ತೆ.”

“ನೀನಾ?” ಮಾವನಿಗೆ ನಗು ತಡೆಯಲಾಗಲಿಲ್ಲ. “ನಿನ್ನ ಕೈಬರಹ ನಾನು ನೋಡಿಲ್ವೇನಮ್ಮ? ಕೋಳಿ ಕೆದರಿದ ಹಾಗಿರುತ್ತೆ. ಇದು ನೋಡು, ಏನು ತೂಕ! ಸುಳ್ಳು ಹೇಳೋರು ಹೀಗೆ ಬರೀತಾರಾ?”

“ಕೆಳಗಡೆ ನೋಡಿ. ‘ಇದು ಔಷಧವಲ್ಲ’ ಅಂತ ಅವರೇ ಸಣ್ಣದಾಗಿ ಹಾಕಿದ್ದಾರೆ.”

“ನಿಜ ಆಗಿದ್ದಿದ್ರೆ ದೊಡ್ಡದಾಗೇ ಹಾಕ್ತಿದ್ರು ಬಿಡು.”

ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು ಬಂತು ಅವಳಿಗೆ. ಸಿಟ್ಟಿಗಿಂತ ಭಯ ದೊಡ್ಡದಿತ್ತು. ಈ ಮನುಷ್ಯ ಇನ್ನೊಂದು ಸಲ ಗೋಡೆ ಸಿಗದ ಕಡೆ ಬಿದ್ದರೆ ಏನು ಗತಿ? ಸರಸರನೆ ತನ್ನ ಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಪ್ರಿಂಟರ್ ಗೊರಗೊರ ಎಂದಿತು. ಹಿತ್ತಲ ಬಾಗಿಲಿಂದ ಸುತ್ತಿ ಬಂದು, ಮುಂಬಾಗಿಲ ಸಂದಿಯಲ್ಲಿ ಹಾಳೆ ತಳ್ಳಿ, ಏನೂ ಅರಿಯದವಳಂತೆ ಒಳಗೆ ಬಂದು ನಿಂತಳು.

ಮಾವ ಹಾಳೆ ಎತ್ತಿಕೊಂಡರು. ಕರಪತ್ರದಲ್ಲಿದ್ದ ಅದೇ ದಪ್ಪ ಅಕ್ಷರ: ‘ಮಾತ್ರೆ ಬಿಟ್ಟೀರಿ, ಜೋಕೆ!’ ಕನ್ನಡಕ ಏರಿಸಿ ಮತ್ತೊಮ್ಮೆ ಓದಿದರು. ಮುಖದಲ್ಲಿದ್ದ ನಗು ಇಳಿಯಿತು. ಬೀರು ತೆಗೆದು, ಡಾಕ್ಟರ ಮಾತ್ರೆಯನ್ನು ಬಾಯಿಗೆ ಹಾಕಿ ನೀರು ಕುಡಿದರು. ಸೊಸೆಗೆ ಹೋದ ಜೀವ ಬಂದಂತಾಯಿತು.

“ಯಾರೋ ತಿಳಿದೋರು ಬರೆದಿದ್ದಾರೆ,” ಎಂದು ಮಾವ ಹಾಳೆಯನ್ನು ಜೋಪಾನವಾಗಿ ಮಡಚಿದರು. “ಹೇಳಿದ್ರೆ ಹೀಗೆ ಹೇಳಬೇಕು. ನೀನೂ ಇದ್ದೀಯ, ಬರೀ ಬಾಯಲ್ಲಿ ಹೇಳ್ತೀಯ.”