ವರ್ಷಕ್ಕೆ ಎರಡು ತಿಂಗಳ ರಜೆ

ಗಡಿ ಜಗಳ ತಣ್ಣಗಾಗಿ ಐವತ್ತು ವರ್ಷವಾಗಿತ್ತು. ಆ ಹಳೆಯ ಸೇನಾ ಶಿಬಿರ ಈಗ ಬಸ್ಸಿನಲ್ಲಿ ಬಂದವರು ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುವ ಜಾಗ. ಅದನ್ನು ತೋರಿಸಲು ನಿಂತಿದ್ದ ಸೈನಿಕ ವಿಜಯಪುರದ ಕಡೆಯವನು. ಕನ್ನಡದ ಮುದುಕಿಯೊಬ್ಬಳು ಬಂದಿದ್ದಾಳೆಂದು ತಿಳಿದು, ಅವಳನ್ನು ಉತ್ಸಾಹದಿಂದ ಗಾಜು ಹಾಕಿದ ಕೋಣೆಯೊಂದರ ಮುಂದೆ ನಿಲ್ಲಿಸಿದ. ಒಳಗೆ ಸುಕ್ಕಿಲ್ಲದಂತೆ ಹಾಸಿದ ಮಂಚ, ಅದರ ಪಕ್ಕ ಫಳಫಳ ಹೊಳೆಯುವ ಬೂಟು.

"ಇಲ್ಲೇ ವೀರಮರಣ ಹೊಂದಿದ ಸಿಪಾಯಿದು ರೀ. ನಮ್ಮ ಪಾಲಿಗೆ ಅವರಿನ್ನೂ ಡ್ಯೂಟಿ ಮ್ಯಾಲೆ ಅದಾರ. ದಿನಾ ಮುಂಜಾನೆ ಚಾ ಇಡ್ತೀವಿ, ಬೂಟ್ ಪಾಲಿಶ್ ಮಾಡ್ತೀವಿ."

ಬಸ್ಸಿನವರೆಲ್ಲ ಕೈಮುಗಿದರು. ಅವಳು ಮುಗಿಯಲಿಲ್ಲ.

"ಕುಡೀತಾರಾ?"

ವ್ಯಂಗ್ಯ ಅವನಿಗೆ ತಾಗಲಿಲ್ಲ. "ಪ್ರಮೋಷನ್ನೂ ಆಗೇತ್ರಿ ಅಮ್ಮಾರ. ವರ್ಷಕ್ಕ ಎರಡು ತಿಂಗಳು ರಜಾ ಬ್ಯಾರೆ. ಆವಾಗ ಚಾ ಇಡಂಗಿಲ್ಲ."

"ಕೇಳಿದ ತಕ್ಷಣ ಕೊಟ್ಟುಬಿಡ್ತೀರೇನಪ್ಪಾ ರಜ?"

"ಕೇಳೂದೇ ಬ್ಯಾಡ್ರಿ. ಸಾಹೇಬ್ರು ಖುದ್ದು ಸಹಿ ಹಾಕ್ತಾರ."

"ಅಬ್ಬಾ, ಎಂಥ ಧಾರಾಳ ಕೈ ನಿಮ್ಮ ಸಾಹೇಬರದು!" ಎಂದು ಮೂತಿ ತಿರುವಿದಳು. ಕೈಚೀಲದಿಂದ ಮಡಿಕೆಗಳಲ್ಲಿ ಹರಿದಿದ್ದ ಹಳೆಯ ಕಾಗದವೊಂದನ್ನು ತೆಗೆದು ಅವನಿಗೆ ಕೊಟ್ಟಳು. "ಇದನ್ನೂ ಆ ಬೂಟಿನ ಪಕ್ಕ ಇಡಿ. ಅವರೇ ಬರೆದದ್ದು. ಮೊದಲು ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ."

ಅವನು ಗಂಟಲು ಸರಿಮಾಡಿಕೊಂಡು ಓದಿದ:

"ಈ ಸಲವೂ ರಜ ಕೊಡಲಿಲ್ಲ. ಮಗುವಿಗೆ ನೀನೇ ಹೆಸರಿಡು."