ಅರ್ಧ ದಾರಿ

"ಅಕ್ಕಾ, ದಾರಿ ಕೊಡು," ಎಂದ ಎಬೊ, ಚೀಲ ಹೆಗಲಿಗೇರಿಸಿಕೊಂಡು.

ಹೊಸ್ತಿಲ ಮೇಲೆ ಕೂತಿದ್ದ ಮಾನ್ಸಾ ಅವನ ಮುಖವನ್ನೂ ನೋಡದೆ, "ತಗೊಂಡು ಹೋಗು. ಪೂರ್ತಿ ತಗೋ," ಎಂದಳು.

ಎಬೊ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಶಾಮಾ ಎಂಬ ಆ ಕಡಲೂರಿನಲ್ಲಿ ಯಾರೂ ದಾರಿ ಕೇಳದೆ ಮನೆ ಬಿಡುವುದಿಲ್ಲ. ಮನೆಯಲ್ಲಿ ಉಳಿಯುವವರು ಅರ್ಧ ದಾರಿಯನ್ನಷ್ಟೇ ಕೊಡುತ್ತಾರೆ. ಉಳಿದರ್ಧ ವಾಪಸು ಬರುವುದಕ್ಕೆ. ಪೂರ್ತಿ ಕೊಟ್ಟರೆ, ಮತ್ತೆ ಈ ಕಡೆ ತಲೆ ಹಾಕಬೇಡ ಎಂದ ಹಾಗೆ.

"ಏನಕ್ಕಾ ಇದು? ಹಡಗಿನವರು ಕರೆದಿದ್ದಾರೆ. ಅಡುಗೆಯವನಿಲ್ಲದೆ ಹಡಗು ಹೊರಡಲ್ಲ."

"ಬಂದು ಎರಡು ತಿಂಗಳಾಗಿಲ್ಲ. ಒಂದು ದಿನ ನೆಟ್ಟಗೆ ಕೂತು ಊಟ ಮಾಡಿದ್ಯಾ ನೀನು? ತಟ್ಟೆ ಹಿಡ್ಕೊಂಡು ದಂಡೆ ಕಡೆ ಹೋಗಿ ನಿಲ್ತೀಯ."

ಸುಳ್ಳೇನಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಪ್ರಾಣಿ ಅದು. ಬ್ರೆಜಿಲ್ ಬಂದರಿನಲ್ಲಿ ಯಾರೋ ಮೀನು ಸುಟ್ಟರೆ ಈ ಅಂಗಳ ನೆನಪಾಗಿ ಅತ್ತುಬಿಡುತ್ತಿದ್ದ. ಅಂಗಳಕ್ಕೆ ಬಂದು ಮಲಗಿದರೆ ಚಾಪೆ ಅಲ್ಲಾಡುವುದಿಲ್ಲವೆಂದು ನಿದ್ದೆ ಬರುತ್ತಿರಲಿಲ್ಲ. ಪ್ರಪಂಚವೆಲ್ಲ ಸುತ್ತಿದ, ಎಲ್ಲಿದ್ದರೂ ಅವನ ಮನಸ್ಸು ಇನ್ನೊಂದು ಕಡೆ.

"ಬೈಕೋ, ಆದರೆ ಅರ್ಧ ಕೊಡು," ಎಂದು ಅಂಗಲಾಚಿದ. "ನನಗಿರೋದು ಇದೊಂದೇ ಮನೆ."

"ಅರ್ಧ ಕೊಟ್ಟೋಳು ಉಳಿದರ್ಧ ಹಿಡ್ಕೊಂಡು ಇಲ್ಲೇ ಕೂತಿರ್ಬೇಕಲ್ಲಪ್ಪ. ಅವ್ವ ಸತ್ತಾಗಿಂದ ನಾನೇ ಹಿಡ್ಕೊಂಡಿದ್ದೀನಿ. ನನ್ನ ಕೈ ಸೋತುಹೋಯ್ತು, ತಮ್ಮಾ."

ಮಾನ್ಸಾ ಎದ್ದು ಒಳಗೆ ಹೋಗಿ ಒಂದು ಗಂಟು ತಂದು ಅಂಗಳದಲ್ಲಿಟ್ಟಳು. ಆಗಷ್ಟೇ ಎಬೊ ಕಣ್ಣು ಬಿಟ್ಟು ನೋಡಿದ. ದಿನಾ ಮೀನು ಸುಡುವ ಒಲೆಗೆ ಇವತ್ತು ಬೆಂಕಿ ಬಿದ್ದಿಲ್ಲ. ಅಕ್ಕ ಚರ್ಚಿಗೆ ಉಡುವ ಬಟ್ಟೆ ಉಟ್ಟಿದ್ದಾಳೆ.

"ಎಲ್ಲಿಗೆ ಹೊರಟೆ?"

"ಆಬಿಜಾನ್‌ಗೆ. ಗೆಳತಿ ಅಲ್ಲಿ ಮೀನು ಮಾರ್ತಾಳೆ, ವರ್ಷವರ್ಷ ಕರೀತಾಳೆ. ದಂಡೆ ಮೇಲೇ ಹುಟ್ಟಿ ಬೆಳೆದೆ. ಪಕ್ಕದ ದೇಶ ಹೆಂಗಿದೆ ಅಂತ ಗೊತ್ತಿಲ್ಲ. ನಿನ್ನ ಬಾಯಲ್ಲೇ ಪ್ರಪಂಚ ನೋಡಿದ್ದು ಸಾಕು."

"ಮನೆ?"

"ಅದನ್ನ ನೀನು ಯಾವತ್ತಾದ್ರೂ ಕೇಳಿದ್ದೀಯಾ?"

ಎಬೊ ಬಾಗಿಲಿನ ಕಡೆ ನೋಡಿದ. ಇಬ್ಬರೂ ಹೋದರೆ ಬಾಗಿಲಿಗೆ ಬೀಗ. ಬಂದವರಿಗೆ ಒಂದು ಲೋಟ ನೀರು ಕೊಡಲೂ ಜನರಿಲ್ಲದ ಮನೆ. ಹೊರಗೆ ತಕೊರಾಡಿ ಬಂದರಿಗೆ ಹೋಗುವ ವ್ಯಾನು ಹಾರನ್ ಹೊಡೆಯತೊಡಗಿತು. ಆಬಿಜಾನ್‌ಗೆ ಹೋಗುವವರಿಗೂ ಅದೇ ವ್ಯಾನು, ತಡವಾದರೆ ಇವನ ಹಡಗೂ ತಪ್ಪಿದಂತೆ.

ಮಾನ್ಸಾ ಅವನೆದುರು ನಿಂತಳು. ಹಿರಿಯರ ಮುಂದೆ ನಿಲ್ಲುವ ಹಾಗೆ ಎರಡೂ ಕೈ ಜೋಡಿಸಿಕೊಂಡಿದ್ದಳು.

"ಎಬೊ, ನಾನು ಹೊರಟೆ. ದಾರಿ ಕೊಡು."

ಪೂರ್ತಿ ಎಂದುಬಿಟ್ಟರೆ ಮುಗಿಯಿತು, ಇಬ್ಬರಿಗೂ ಬಿಡುಗಡೆ. ಅವನು ಹಾಗೆಯೇ ಹೇಳಲು ಹೊರಟಿದ್ದ. ಆದರೆ ಇವಳು ಮರಳಿ ಬಾರದಿದ್ದರೆ ಎಂಬ ಭಯ ಹುಟ್ಟಿತು. ಇಷ್ಟು ವರ್ಷ ಇದೇ ಭಯ ಅಕ್ಕನಲ್ಲಿತ್ತೆಂದು ಅವನು ಎಣಿಸಿರಲೇ ಇಲ್ಲ. ವ್ಯಾನು ಮತ್ತೆ ಕೂಗಿತು.

"ಅರ್ಧ," ಎಂದ ಕೊನೆಗೂ. "ಅರ್ಧ ಮಾತ್ರ ಕೊಡ್ತೀನಿ, ಅಕ್ಕಾ."

"ಹಾಗಾದ್ರೆ ಆ ಚೀಲ ಕೆಳಗಿಡು," ಎಂದು ಮಾನ್ಸಾ ಗಂಟನ್ನು ತಲೆಯ ಮೇಲಿಟ್ಟುಕೊಂಡು ವ್ಯಾನಿನ ಕಡೆ ನಡೆದಳು.