ಅಕ್ಸಾಳ ತರಗತಿ

ಮುನಾವರ್ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಶಾಲೆಯೊಳಗೆ ಬಂದಾಗ, ಐದನೇ ತರಗತಿಯಲ್ಲಿ ಓದುವ ಅವನ ಮಗಳು ಅಕ್ಸಾ, ಒಂದನೇ ತರಗತಿಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಾಗುಣಿತ ಹೇಳಿಕೊಡುತ್ತಿದ್ದಳು. ದಂಡಿನಶಿವರದ ಆಚೆಯ ಆ ಹಟ್ಟಿಯ ಶಾಲೆಗೆ ಸುನಂದಾ ಒಬ್ಬಳೇ ಟೀಚರ್. ಐದು ತರಗತಿ, ಇಪ್ಪತ್ತಾರು ಮಕ್ಕಳು. ಅವಳು ಕುರ್ಚಿ ತೋರಿಸಿ ನಕ್ಕಳು.

"ನೋಡಿ, ಅರ್ಧ ಶಾಲೆ ನಿಮ್ಮ ಮಗಳೇ ನಡೆಸ್ತಾಳೆ."

ಮುನಾವರ್ ಕೂರಲಿಲ್ಲ. ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಅರ್ಧಕ್ಕೇ ಬಿಟ್ಟು ಬಂದಿದ್ದ. ಕೈಯಲ್ಲಿದ್ದ ಪ್ರಶ್ನೆಪತ್ರಿಕೆಗೆ ಗ್ರೀಸ್ ಮೆತ್ತಿತ್ತು.

"ಹಾಸ್ಟೆಲ್ ಸ್ಕೂಲಿಗೆ ಸೇರೋ ಪರೀಕ್ಷೆದು ರಿಸಲ್ಟ್ ಬಂತು ಮೇಡಂ. ಇವಳದು ಆಗ್ಲಿಲ್ಲ."

"ಅಕ್ಸಾದಾ? ಸರಿಯಾಗಿ ನೋಡಿದ್ರಾ?"

"ಮೂರು ಸಲ ನೋಡ್ದೆ. ನೂರಕ್ಕೆ ಮೂವತ್ತೊಂದು."

ಸುನಂದಾ ನಂಬಲಿಲ್ಲ. ಅಕ್ಸಾಳನ್ನು ಕರೆದು ಪ್ರಶ್ನೆಪತ್ರಿಕೆ ಬಿಚ್ಚಿ ನೋಡಿದಳು. ಉತ್ತರ ಗೊತ್ತಾಗದ ಪ್ರಶ್ನೆಗಳಿಗೆಲ್ಲ ಹುಡುಗಿ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದಳು. ಭಿನ್ನರಾಶಿಯ ಐದು ಲೆಕ್ಕಕ್ಕೂ ಸುತ್ತು.

"ಇವನ್ನ ಯಾಕೆ ಬಿಟ್ಟೆ ಪುಟ್ಟಾ? ಕ್ಲಾಸಲ್ಲಿ ಮಾಡಿದ್ವಲ್ಲ?"

"ನೀವು ಭಿನ್ನರಾಶಿ ಮಾಡಿದ ವಾರ ನಾನು ಒಂದನೇ ಕ್ಲಾಸಲ್ಲಿದ್ದೆ ಮಿಸ್."

"ಮತ್ತೆ ಇದು? ಗ್ರಹಣದ್ದು?"

"ಆವಾಗ ಮೂರನೇ ಕ್ಲಾಸಿನವರ ಮಗ್ಗಿ ಒಪ್ಪಿಸ್ಕೊಳ್ತಿದ್ದೆ."

ಹಾಜರಿ ಕೂಗಿದಾಗ ಉತ್ತರ ಕೊಡುವಷ್ಟೇ ಸಹಜವಾಗಿ ಹೇಳಿದಳು ಅಕ್ಸಾ. ಮಾತಿನಲ್ಲಿ ದೂರು ಇರಲಿಲ್ಲ.

ಎರಡು ವರ್ಷದ ಹಿಂದೆ ತಿಪಟೂರಿನ ತರಬೇತಿಯಲ್ಲಿ ಸುನಂದಾ ಕಲಿತದ್ದು ಇದನ್ನೇ: ತನಗಿಂತ ತುಸು ಹೆಚ್ಚು ಬಲ್ಲವರ ಜೊತೆ ಮಗು ಬೇಗ ಕಲಿಯುತ್ತದೆ. ಅವಳು ಅದನ್ನು ಮನಸಾರೆ ನಂಬಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಒಂದನೇ ತರಗತಿಯವರು ದೀಪಾವಳಿ ಹೊತ್ತಿಗೇ ಪದ ಕೂಡಿಸಿ ಓದತೊಡಗಿದ್ದರು. ಆ ಬಗ್ಗೆ ಅವಳು ಬರೆದ ಪ್ರಬಂಧಕ್ಕೆ ತಾಲ್ಲೂಕಿನಲ್ಲಿ ಮೊದಲ ಬಹುಮಾನವೂ ಬಂದಿತ್ತು. ಪ್ರಬಂಧದ ತುಂಬ ಅಕ್ಸಾಳ ಹೆಸರಿತ್ತು.

"ಬೇರೆಯವರಿಗೆ ಹೇಳಿಕೊಟ್ರೆ ಇವಳು ಕಲಿತಿದ್ದೂ ಗಟ್ಟಿಯಾಗುತ್ತೆ ಅಂತ..." ಎಂದಳು ಸುನಂದಾ.

"ಗಟ್ಟಿ ಆಗಕ್ಕೆ ಮೊದ್ಲು ಕಲೀಬೇಕಲ್ಲ ಮೇಡಂ." ಮುನಾವರ್ ದನಿ ಏರಿಸಲಿಲ್ಲ. "ನನ್ನ ಮಗಳು ಎಲ್ರಿಗೂ ಪಾಠ ಹೇಳ್ತಾಳೆ ಅಂತ ಅಂಗಡಿಗೆ ಬಂದೋರ ಮುಂದೆಲ್ಲ ಹೇಳ್ಕಂಡು ಮೆರೆದೆ. ಇವಳಿಗೆ ಯಾರು ಹೇಳ್ಕೊಡ್ತಾವ್ರೆ ಅಂತ ಒಂದಿನ ಕೇಳ್ಲಿಲ್ಲ. ನಂದೂ ತಪ್ಪೈತೆ ಬುಡಿ."

ಅವನು ಕೈ ಮುಗಿದು ಹೊರಟುಹೋದ. ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಸುನಂದಾಗೆ.

ಮರುದಿನ ಅವಳು ಅಕ್ಸಾಳನ್ನು ಐದನೇ ತರಗತಿಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂರಿಸಿದಳು. "ರಜೆ ಬರೋವರೆಗೂ ನೀನು ಇಲ್ಲಿಂದ ಏಳಬಾರದು" ಎಂದಳು. ಬಿಸಿಯೂಟದ ಅಂಕಮ್ಮನ ಹತ್ತಿರ ಒಂದು ಕಾಯಿ ಒಡೆಸಿ ತಂದು, ಹೋಳನ್ನು ಮತ್ತೆ ಎರಡು ಮಾಡಿ, ಅದನ್ನು ಮತ್ತೆ ಎರಡು ಮಾಡಿ ತೋರಿಸಿ, ಹಲಗೆಯ ಮೇಲೆ ಲೆಕ್ಕ ಬರೆದಳು. ಅಕ್ಸಾಗೆ ಅರ್ಥವಾಗಲು ಹತ್ತು ನಿಮಿಷ ಸಾಕಾಯಿತು. ಇಡೀ ವರ್ಷದಲ್ಲಿ ಈ ಹತ್ತು ನಿಮಿಷ ತನಗೆ ಸಿಗಲಿಲ್ಲವೇ ಎಂದುಕೊಂಡಳು ಸುನಂದಾ. ಅತ್ತ ಚಿಕ್ಕ ಮಕ್ಕಳು ಸ್ಲೇಟು ಬಡಿದು ಗಲಾಟೆ ಎಬ್ಬಿಸಿದ್ದರು. ಅಕ್ಸಾ ಆ ಕಡೆ ತಿರುಗಿದಾಗ, "ಮಾಡ್ಲಿ ಬಿಡು, ನೀನು ಬರಿ" ಎಂದಳು. ಹುಡುಗಿ ನಾಲಗೆಯ ತುದಿ ಕಚ್ಚಿಕೊಂಡು, ತಲೆಯೆತ್ತದೆ ಲೆಕ್ಕ ಮಾಡತೊಡಗಿದಳು.

ಹನ್ನೊಂದರ ಹೊತ್ತಿಗೆ ಜೀಪು ಬಂತು. ತಾಲ್ಲೂಕಿನ ಶಿಕ್ಷಣಾಧಿಕಾರಿ ಶಿವಮೂರ್ತಿ, ಅವರ ಹಿಂದೆ ಜಿಲ್ಲೆಯಿಂದ ಬಂದ ಇಬ್ಬರು, ಜೊತೆಗೊಬ್ಬ ಕ್ಯಾಮೆರಾದವನು.

"ಸುನಂದಾ ಅವರೇ, ನಿಮ್ಮ ಪದ್ಧತಿನ ವಿಡಿಯೋ ಮಾಡಿ ಎಲ್ಲ ಶಾಲೆಗೂ ತೋರಿಸಬೇಕು ಅಂತ ಜಿಲ್ಲೆಯ ಸಾಹೇಬ್ರೇ ಬಂದಿದ್ದಾರೆ. ಎಲ್ಲಿ ನಿಮ್ಮ ಪುಟಾಣಿ ಟೀಚರ್?" ಎಂದರು ಶಿವಮೂರ್ತಿ.

"ಸರ್, ಇವತ್ತು ಅವಳು..."

"ಒಂದರ್ಧ ಗಂಟೆ ಅಷ್ಟೇ ಕಣ್ರೀ. ಮತ್ತೆ ಕೂರಿಸ್ಕೊಳ್ಳಿ."

ಸುನಂದಾ ತಿರುಗಿ ನೋಡಿದಳು. ಅಕ್ಸಾಳ ಪೆನ್ಸಿಲು ಮೂರನೇ ಲೆಕ್ಕದ ನಡುವೆ ನಿಂತಿತ್ತು. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಏಳು ಎನ್ನಲು ಸುನಂದಾಗೆ ಬಾಯಿ ಬರಲಿಲ್ಲ. ಬೇಡ ಎಂದು ಸಾಹೇಬರಿಗೆ ಹೇಳಲೂ ಬರಲಿಲ್ಲ. ಅವಳು ಹಲಗೆಯ ಕಡೆ ತಿರುಗಿ, ಬರೆದಿದ್ದ ಭಿನ್ನರಾಶಿಗಳನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸತೊಡಗಿದಳು.

ಹಿಂದೆ ನೋಟ್‌ಬುಕ್ ಮುಚ್ಚಿದ ಸದ್ದಾಯಿತು.

"ಒಂದನೇ ಕ್ಲಾಸಾ ಮಿಸ್," ಅಕ್ಸಾ ಎದ್ದು ನಿಂತು ಕೇಳಿದಳು, "ಎರಡನೇ ಕ್ಲಾಸಾ?"